ಪಿಎಸ್5 10.28, ಸೀರೀಸ್ ಎಕ್ಸ್ 12.15: ಆ 18 ಪರ್ಸೆಂಟ್ ಯಾರ ಹೊಟ್ಟೆಗೆ ಹೋಯ್ತು?

ಕೋಡುಬಳೆ:
ಒಂದು ಲೆಕ್ಕ ತಲೆಗೆ ಹತ್ತುತ್ತಿಲ್ಲ, ಯಾರಾದ್ರೂ ಬಿಡಿಸಿ ಹೇಳಿ. ಸೋನಿಯ ಗೇಮ್ ಕನ್ಸೋಲ್ ಪಿಎಸ್5ರ ಗ್ರಾಫಿಕ್ಸ್ ಚಿಪ್ 10.28 ಟೆರಾಫ್ಲಾಪ್ (ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಅನ್ನೋ ಅಳತೆ), ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ದು 12.15. ಅಂದ್ರೆ ಎಕ್ಸ್‌ಬಾಕ್ಸ್ 18 ಪರ್ಸೆಂಟ್ ಮುಂದೆ. ಮೆಮೊರಿ ಬ್ಯಾಂಡ್‌ವಿಡ್ತ್, ಅಂದ್ರೆ ಸೆಕೆಂಡಿಗೆ ಸಾಗಿಸೋ ಡೇಟಾ, 448ಕ್ಕೆ 560 ಜಿಬಿ. ಸಿಪಿಯು 3.5ಕ್ಕೆ 3.8 ಗಿಗಾಹರ್ಟ್ಜ್. ಪಟ್ಟಿ ನೋಡಿದ್ರೆ ಎಕ್ಸ್‌ಬಾಕ್ಸೇ ದೊಡ್ಡಣ್ಣ. ಆದ್ರೆ ಎರಡರಲ್ಲೂ ಬಂದ ಗೇಮ್‌ಗಳನ್ನ ಅಕ್ಕಪಕ್ಕ ಇಟ್ಟು ನೋಡಿದ್ರೆ ಒಂದರಲ್ಲಿ ಇದು ಸೆಕೆಂಡಿಗೆ 3 ಫ್ರೇಮ್ (ಪರದೆಗೆ ಬರೋ ಚಿತ್ರ) ಮುಂದೆ, ಇನ್ನೊಂದರಲ್ಲಿ ಅದು 3 ಫ್ರೇಮ್ ಮುಂದೆ. ಎರಡೂ 2020ರ ನವೆಂಬರ್‌ನಲ್ಲಿ ಎರಡು ದಿನದ ಅಂತರದಲ್ಲಿ ಬಂದ ಮಷಿನ್‌ಗಳು, ಎರಡರೊಳಗೂ ಎಎಂಡಿ ಚಿಪ್ಪೇ. ಮತ್ತೆ ಆ 18 ಪರ್ಸೆಂಟ್ ಎಲ್ಲಿ ಮಾಯ ಆಯ್ತು?

ಫ್ಯಾನ್‌ಬಾಯ್ ಜಗಳ ಬೇಡ. ಚಿಪ್ ಬಗ್ಗೆ ಮಾತ್ರ ಮಾತಾಡಿ.

ಗುಂಡುಕಲ್ಲು:
ಜಗಳ ಬೇಡ ಅಂತ ಹೇಳಿದ ಮೇಲೇ ಇಲ್ಲಿ ಜಗಳ ಶುರುವಾಗೋದು. ಪಿಎಸ್5 ಗೆದ್ದಾಯ್ತು, ಬಾಗಿಲು ಹಾಕಿ.

ಫ್ರೇಮ್ ಲೆಕ್ಕಿಗ:
ಮೊದಲು ಆ ಸಂಖ್ಯೆ ಎಲ್ಲಿಂದ ಬಂತು ನೋಡೋಣ. ಯಾರೂ ಮಷಿನ್ ಓಡಿಸಿ ಅಳೆದದ್ದಲ್ಲ ಅದು, ಬರೀ ಗುಣಾಕಾರ. ಗ್ರಾಫಿಕ್ಸ್ ಚಿಪ್ಪಿನೊಳಗೆ ಲೆಕ್ಕ ಮಾಡೋ ಒಂದು ಕಂಪ್ಯೂಟ್ ಯೂನಿಟ್‌ನಲ್ಲಿ 64 ಲೇನ್. ಒಂದೊಂದು ಲೇನ್ ಒಂದು ಕ್ಲಾಕ್‌ಗೆ ಒಂದು ಗುಣಾಕಾರ, ಒಂದು ಸಂಕಲನ ಮಾಡುತ್ತೆ, ಹಾಗಾಗಿ 2. ಯೂನಿಟ್ × ಲೇನ್ × 2 × ಗಿಗಾಹರ್ಟ್ಜ್ ಲೆಕ್ಕದ ಕ್ಲಾಕ್:

ಪಿಎಸ್5: 36 × 64 × 2 × 2.23 = 10,276 ಗಿಗಾಫ್ಲಾಪ್.
ಸೀರೀಸ್ ಎಕ್ಸ್: 52 × 64 × 2 × 1.825 = 12,147.
ಎಕ್ಸ್‌ಬಾಕ್ಸ್‌ನ ಚಿಕ್ಕ ಮಾದರಿ ಸೀರೀಸ್ ಎಸ್: 20 × 64 × 2 × 1.565 = 4,006.

ಎಲ್ಲ ಲೇನ್‌ಗಳೂ ಪ್ರತಿ ಕ್ಲಾಕ್‌ನಲ್ಲೂ ಗುಣಿಸಿ ಕೂಡಿಸುತ್ತಲೇ ಇದ್ರೆ ಸಿಗೋ ಸಂಖ್ಯೆ ಇದು. ಯಾವ ಗೇಮೂ ಹಾಗೆ ಓಡಲ್ಲ. ಟೆಕ್ಸ್ಚರ್ (ವಸ್ತುಗಳ ಮೇಲೆ ಹೊದಿಸೋ ಚಿತ್ರ) ಬರೋವರೆಗೆ ಕಾಯಬೇಕು, ನೆರಳು ಬಿಡಿಸೋ ಹಂತದಲ್ಲಿ ಶೇಡರ್‌ಗಳು, ಅಂದ್ರೆ ಬಣ್ಣ ಬೆಳಕಿನ ಲೆಕ್ಕ ಮಾಡೋ ಈ ಲೇನ್‌ಗಳು, ಹೆಚ್ಚೂಕಡಿಮೆ ಖಾಲಿ ಕೂತಿರುತ್ತವೆ. ಟೆರಾಫ್ಲಾಪ್ ಅನ್ನೋದು ಊಟಕ್ಕಿಲ್ಲದ ಉಪ್ಪಿನಕಾಯಿ ಅಂತ ನಾನು ಹೇಳಲ್ಲ. ಆದ್ರೆ ಉಪ್ಪಿನಕಾಯಿಯೇ ಊಟ ಅಲ್ಲ.

ಕರಾವಳಿ ಕನ್ಸೋಲ್:
ಲೆಕ್ಕಿಗರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ ಮಾರಾಯ್ರೆ. ಎರಡು ಚಿಪ್‌ನಲ್ಲೂ ಶೇಡರ್ ಅರೇ, ಅಂದ್ರೆ ಯೂನಿಟ್‌ಗಳ ಗುಂಪು, ನಾಲ್ಕೇ ಉಂಟು. ಪಿಎಸ್5ರಲ್ಲಿ ಒಂದು ಅರೇಗೆ 10 ಯೂನಿಟ್, ಸೀರೀಸ್ ಎಕ್ಸ್‌ನಲ್ಲಿ 14. ಅದರಲ್ಲಿ ಒಟ್ಟು ನಾಲ್ಕನ್ನು ಎರಡೂ ಕಡೆ ಬಂದ್ ಮಾಡಿ 36 ಮತ್ತು 52 ಅಂತ ಮಾರ್ತಾರೆ, ಇಲ್ಲದಿದ್ರೆ ಒಂದು ಸಣ್ಣ ದೋಷ ಇದ್ದ ಚಿಪ್ಪೆಲ್ಲ ಕಸದ ಬುಟ್ಟಿಗೇ. ಈಗ ತ್ರಿಕೋನಗಳನ್ನು ಪಿಕ್ಸೆಲ್ ಮಾಡುವ ರಾಸ್ಟರೈಸರು, ಡೇಟಾ ಹತ್ತಿರ ಇಟ್ಟುಕೊಳ್ಳುವ ಎಲ್1 ಕ್ಯಾಶು, ಎಲ್ಲ ಅರೇಗೆ ಒಂದರಂತೆ. ಪಿಕ್ಸೆಲ್ ಬರೆಯುವ ಆರ್‌ಓಪಿ ಎರಡರಲ್ಲೂ 64.

ಹೋಟೆಲಿನಲ್ಲಿ ದೋಸೆ ಕಾವಲಿ 52 ಇಟ್ಟರೂ ಹಿಟ್ಟು ಹುಯ್ಯುವ ಭಟ್ಟರು ನಾಲ್ಕೇ ಜನ. ಆಚೆ ಹೋಟೆಲಿನಲ್ಲಿ ಕಾವಲಿ 36, ಭಟ್ಟರು ಅಲ್ಲಿಯೂ ನಾಲ್ಕು, ಆದ್ರೆ ಕೈ 22 ಪರ್ಸೆಂಟ್ ಚುರುಕು. 64 ಆರ್‌ಓಪಿಯನ್ನು 2.23ರಿಂದ ಗುಣಿಸಿದ್ರೆ ಸೆಕೆಂಡಿಗೆ 142.7 ಗಿಗಾಪಿಕ್ಸೆಲ್. 1.825ರಿಂದ ಗುಣಿಸಿದ್ರೆ 116.8. ಈ ಪಟ್ಟಿಯಲ್ಲಿ ದೊಡ್ಡಣ್ಣ ಯಾರು ಈಗ?

ಕೋಡುಬಳೆ:
ಓ! ಹಾಗಾದ್ರೆ ಕ್ಲಾಕ್ ಜಾಸ್ತಿ ಇದ್ರೆ ಶೇಡರ್ ಬಿಟ್ಟು ಉಳಿದದ್ದೆಲ್ಲ ಓಡುತ್ತೆ ಅಂತಾಯ್ತು. ಸರಿ, ಮೆಮೊರಿ? 560 ಅಂತೂ 448ಕ್ಕಿಂತ ಜಾಸ್ತಿನೇ ತಾನೇ?

ಫ್ರೇಮ್ ಲೆಕ್ಕಿಗ:
ಅರ್ಧ ಸತ್ಯ. ಸೀರೀಸ್ ಎಕ್ಸ್‌ನ 16 ಜಿಬಿ ಒಂದೇ ಅಳತೆಯ ಚಿಪ್‌ಗಳಲ್ಲ. 2 ಜಿಬಿಯವು 6, 1 ಜಿಬಿಯವು 4, ಒಟ್ಟು 10 ಚಿಪ್, 320 ಬಿಟ್ ಬಸ್ (ಡೇಟಾ ಸಾಗೋ ದಾರಿ). ಮೊದಲ 10 ಜಿಬಿ ಹತ್ತೂ ಚಿಪ್‌ಗಳ ಮೇಲೆ ಹರಡಿಕೊಂಡಿದೆ, ಅಲ್ಲಿ 560 ಸಿಗುತ್ತೆ. ಉಳಿದ 6 ಜಿಬಿ ಆ ಆರು ದೊಡ್ಡ ಚಿಪ್‌ಗಳ ಮೇಲ್ಭಾಗದಲ್ಲಿ ಮಾತ್ರ. ಅಲ್ಲಿ 192 ಬಿಟ್, 336 ಜಿಬಿ. ಸಿಸ್ಟಂ 2.5 ಜಿಬಿ ಹಿಡಿದುಕೊಂಡ ಮೇಲೆ ಗೇಮ್‌ಗೆ 10 ವೇಗದ್ದು, 3.5 ನಿಧಾನದ್ದು. ಸೌಂಡು, ಸಿಪಿಯು ಕಡೆಯ ಡೇಟಾ ಎಲ್ಲ ಆ 3.5ರೊಳಗೆ ಕೂತರೆ ತೊಂದರೆ ಇಲ್ಲ. ಕೂರದಿದ್ರೆ ಸಿಪಿಯು, ಜಿಪಿಯು (ಗ್ರಾಫಿಕ್ಸ್ ಚಿಪ್) ಎರಡೂ ಅದೇ ಬಸ್‌ಗೆ ನುಗ್ಗಿ, ಸರಾಸರಿ 560ಕ್ಕಿಂತ ಕೆಳಗಿಳಿಯುತ್ತೆ.

ಪಿಎಸ್5ರಲ್ಲಿ 2 ಜಿಬಿಯ 8 ಚಿಪ್, 256 ಬಿಟ್. ಎಲ್ಲಿ ಬೇಕಾದ್ರೂ 448. ಡೆವಲಪರ್ ಯೋಚಿಸೋದೇ ಬೇಡ.

ಬಿಸಿಲುನಾಡು:
ಎಲ್ಲಾ ಸರಿ ಐತ್ರಿ, ಆದ್ರ ಪಿಎಸ್5 ಕ್ಲಾಕ್ ಸ್ಥಿರ ಇಲ್ಲ, ಏರಿಳಿತೈತಿ ಅಂತ ಅವರೇ ಹೇಳ್ಯಾರ. 2.23 ಅನ್ನೋದು ಹೆಚ್ಚಂದ್ರ ಅಷ್ಟು. ರಾಯಚೂರಾಗ ಏಪ್ರಿಲ್ ತಿಂಗಳು 42 ಡಿಗ್ರಿ ಬಿಸಲಾಗ ಅದು 2ಕ್ಕ ಇಳಿದ್ರ 9 ಟೆರಾಫ್ಲಾಪ್ ಆತಲ್ರಿ. ಎಕ್ಸ್‌ಬಾಕ್ಸ್ ಬಿಸಲಿರ್ಲಿ ಚಳಿ ಇರ್ಲಿ 1.825 ಅಂದ್ರ 1.825.

ಪಿಕ್ಸೆಲ್ ಪಾಪಣ್ಣ:
ಬಿಸಿಲುನಾಡು ಅವರೇ, ಎಲ್ಲರೂ ಎಡವೋದು ಇಲ್ಲೇ. ಕ್ಲಾಕ್ ಏರಿಳಿಯೋದು ನಿಜ, ಬಿಸಿ ನೋಡಿ ಅಲ್ಲ. 2020ರ ಮಾರ್ಚ್‌ನ ಭಾಷಣದಲ್ಲಿ ಪಿಎಸ್5 ವಿನ್ಯಾಸದ ಮುಖ್ಯಸ್ಥ ಮಾರ್ಕ್ ಸರ್ನಿ ಇದನ್ನ ಬಿಡಿಸಿ ಹೇಳಿದ್ದಾರೆ. ಚಿಪ್ಪಿನೊಳಗೆ ಯಾವ ಭಾಗ ಎಷ್ಟು ಕೆಲಸ ಮಾಡ್ತಿದೆ ಅಂತ ಎಣಿಸಿ, ಆ ಎಣಿಕೆಯಿಂದ ಎಷ್ಟು ವಿದ್ಯುತ್ ಬೇಕು ಅಂತ ಅಂದಾಜಿಸಿ ಕ್ಲಾಕ್ ತೀರ್ಮಾನ ಮಾಡುತ್ತೆ. ಉಷ್ಣಾಂಶದ ಲೆಕ್ಕ ಅದರಲ್ಲಿಲ್ಲ. ಯಾಕೆ ಅಂದ್ರೆ, ರಾಯಚೂರಿನ ಪಿಎಸ್5 ಒಂದು ಥರ, ಮಡಿಕೇರಿಯ ಪಿಎಸ್5 ಇನ್ನೊಂದು ಥರ ಓಡಿದ್ರೆ ಗೇಮ್ ಪರೀಕ್ಷೆ ಮಾಡೋರ ಗತಿ ಏನು? ಒಂದೇ ದೃಶ್ಯಕ್ಕೆ ಎಲ್ಲ ಮಷಿನ್‌ಗಳೂ ಒಂದೇ ಕ್ಲಾಕ್.

ಇಳಿದ್ರೂ ಎಷ್ಟು? 10 ಪರ್ಸೆಂಟ್ ವಿದ್ಯುತ್ ಉಳಿಸೋಕೆ ಕ್ಲಾಕ್ ಒಂದೆರಡು ಪರ್ಸೆಂಟ್ ಇಳಿಸಿದ್ರೆ ಸಾಕು ಅಂತ ಅವರ ಮಾತು. ನಿಮ್ಮ 9 ಟೆರಾಫ್ಲಾಪ್ ಲೆಕ್ಕಕ್ಕೆ 2.23ರಿಂದ 1.95ಕ್ಕೆ ಇಳೀಬೇಕು. ಅದು 12 ಪರ್ಸೆಂಟ್‌ಗೂ ಜಾಸ್ತಿ.

ಬಿಸಿಲುನಾಡು:
ಸರಿ ಒಪ್ಪಿದೆ. ಹಂಗಾದ್ರ ಬಿಸಲಾಗ ಏನೂ ಆಗೂದಿಲ್ಲಂತೀರಿ?

ಪಿಕ್ಸೆಲ್ ಪಾಪಣ್ಣ:
ಆಗುತ್ತೆ, ಆದ್ರೆ ಫ್ರೇಮ್ ರೇಟ್‌ಗೆ ಅಲ್ಲ. ಫ್ಯಾನ್ ಜೋರಾಗುತ್ತೆ. ಆಮೇಲೂ ತಡೆಯದಿದ್ರೆ ಬಿಸಿ ಜಾಸ್ತಿ ಆಗಿದೆ ಅಂತ ಪರದೆ ಮೇಲೆ ಹೇಳಿ ಮಷಿನ್ನೇ ಬಂದ್ ಆಗುತ್ತೆ. ಕೈಪಿಡಿಯಲ್ಲಿ 5ರಿಂದ 35 ಡಿಗ್ರಿ ಅಂತಲೇ ಬರೆದಿದೆ. 42 ಡಿಗ್ರಿ ಕೋಣೆ ಅವರ ಲೆಕ್ಕದಲ್ಲೇ ಇಲ್ಲ. ಟಿವಿ ಸ್ಟ್ಯಾಂಡಿನ ಗೂಡೊಳಗೆ ತುರುಕಬೇಡಿ. ಗಾಳಿ ಮುಂದಿನಿಂದ ಒಳಗೆ, ಹಿಂದಿನಿಂದ ಹೊರಗೆ. ಹಿಂದೆ ಗೋಡೆಗೆ ಒಂದು ಗೇಣು ಜಾಗ ಇರಲಿ. ಪಕ್ಕದ ಬಿಳಿ ತಟ್ಟೆ ತೆಗೆದ್ರೆ ಫ್ಯಾನ್ ಹತ್ತಿರ ಧೂಳು ಹಿಡಿಯೋ ಎರಡು ತೂತು ಸಿಗುತ್ತವೆ, ವ್ಯಾಕ್ಯೂಮ್ ಕ್ಲೀನರ್ ಇಟ್ಟು ಎಳೆದ್ರೆ ಸಾಕು. ಅದರಾಚೆ ಬಿಚ್ಚಬೇಡಿ. ಚಿಪ್ ಮೇಲೆ ಪೇಸ್ಟ್ ಅಲ್ಲ, ದ್ರವ ಲೋಹ ಇದೆ. ಚೆಲ್ಲಿದ್ರೆ ಬೋರ್ಡ್ ಶಾರ್ಟ್ ಆಗುತ್ತೆ.

ಸೌಟು ಸ್ಪೂನು:
ದೋಸೆ ಉದಾಹರಣೆ ಓದಿ ಹಸಿವಾಗಿ ಎದ್ದು ಹೋದೆ, ಬಂದು ನೋಡಿದ್ರೆ ದ್ರವ ಲೋಹ.

ಎಕ್ಸ್ ಗಿರಾಕಿ:
ಎಲ್ಲ ಪಿಎಸ್5 ಕಡೆ ವಾಲ್ತಿದೀರ. ಸ್ವಲ್ಪ ಈ ಕಡೆನೂ ನೋಡಿ ಗುರು. ಡೂಮ್ ಎಟರ್ನಲ್‌ನ 120 ಫ್ರೇಮ್ ಮೋಡ್: ಸೀರೀಸ್ ಎಕ್ಸ್‌ನಲ್ಲಿ ಗರಿಷ್ಠ 1800ಪಿ (ಎತ್ತರಕ್ಕೆ 1800 ಸಾಲು ಪಿಕ್ಸೆಲ್), ಪಿಎಸ್5ರಲ್ಲಿ 1584ಪಿ. ಕಾರಣ ವೇರಿಯಬಲ್ ರೇಟ್ ಶೇಡಿಂಗ್. ಕಣ್ಣಿಗೆ ಬೀಳದ ಕಡೆ, ಅಂದ್ರೆ ಕತ್ತಲ ಮೂಲೆ, ಮಸುಕಾದ ಜಾಗದಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದೇ ಸಲ ಶೇಡ್ ಮಾಡಿ ಉಳಿದ ಶಕ್ತಿನ ರೆಸಲ್ಯೂಷನ್‌ಗೆ ಹಾಕ್ತಾರೆ. ಎಕ್ಸ್‌ಬಾಕ್ಸ್‌ನಲ್ಲಿ ಅದು ಹಾರ್ಡ್‌ವೇರ್‌ನಲ್ಲೇ ಇದೆ, ಪಿಎಸ್5ರಲ್ಲಿ ಇಲ್ಲ. ಕಂಟ್ರೋಲ್ ಗೇಮ್‌ನ ಫೋಟೋ ಮೋಡ್‌ನಲ್ಲಿ ಫ್ರೇಮ್ ರೇಟಿನ ಬೀಗ ಬಿಟ್ಟಿರುತ್ತೆ, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಹಾಕಿ ಅಳೆದಾಗ ಸೀರೀಸ್ ಎಕ್ಸ್ ಸರಾಸರಿ 16 ಪರ್ಸೆಂಟ್ ಮುಂದೆ ಬಂತು. 18ರ ಹತ್ತಿರಾನೇ ಅಲ್ವಾ?

ಫ್ರೇಮ್ ಲೆಕ್ಕಿಗ:
ಒಪ್ಪಿದೆ, ಅದು ಒಳ್ಳೆ ಉದಾಹರಣೆ. ಕಾರಣ ನೋಡಿ: ಫೋಟೋ ಮೋಡ್‌ನಲ್ಲಿ ಆಟ ನಿಂತಿರುತ್ತೆ. ಸಿಪಿಯುಗೆ ಕೆಲಸ ಇಲ್ಲ, ಹೊಸ ಡೇಟಾ ಲೋಡ್ ಆಗ್ತಿಲ್ಲ, ಬರೀ ಶೇಡರ್ ಮತ್ತು ರೇ ಕೆಲಸ. ಈ ಪೀಳಿಗೆಯ ಎಎಂಡಿಯಲ್ಲಿ ಒಂದು ಯೂನಿಟ್ ಒಂದು ಕ್ಲಾಕ್‌ಗೆ 4 ಪೆಟ್ಟಿಗೆಗಳ ಜೊತೆ ಕಿರಣ ತಾಗುತ್ತಾ ಅಂತ ನೋಡುತ್ತೆ. 52 × 4 × 1.825 ಅಂದ್ರೆ ಸೆಕೆಂಡಿಗೆ 380 ಶತಕೋಟಿ. ಪಿಎಸ್5ಗೆ 321 ಶತಕೋಟಿ. ಅಲ್ಲೂ ಅದೇ 18 ಪರ್ಸೆಂಟ್. ಅಂದ್ರೆ ಯೂನಿಟ್‌ಗಳಿಗೇ ಕೆಲಸ ಬಿದ್ದಾಗ ಅದು ಹೊರಗೆ ಬರುತ್ತೆ. ಆಟ ಓಡುವಾಗ ಒಂದೇ ಫ್ರೇಮಿನೊಳಗೆ ಬೇರೆಬೇರೆ ಹಂತದಲ್ಲಿ ಬೇರೆಬೇರೆ ಕಡೆ ಇಕ್ಕಟ್ಟು. 4 ಮಿಲಿಸೆಕೆಂಡ್ ಶೇಡರ್‌ದು, 3 ಮಿಲಿಸೆಕೆಂಡ್ ಜ್ಯಾಮಿತಿದು ಹೀಗೆ. ಒಂದರಲ್ಲಿ ಗಳಿಸಿದ್ದು ಇನ್ನೊಂದರಲ್ಲಿ ಹೋಗುತ್ತೆ. ಕೋಡುಬಳೆ ಕೇಳಿದ 18 ಪರ್ಸೆಂಟ್ ಮಾಯ ಆಗೋದು ಅಲ್ಲೇ.

ಗುಂಡುಕಲ್ಲು:
ಬಂದ ಹೊಸತರಲ್ಲಿ ಅಸಾಸಿನ್ಸ್ ಕ್ರೀಡ್ ವಾಲ್ಹಲ್ಲಾದಲ್ಲಿ ಸೀರೀಸ್ ಎಕ್ಸ್ ಪರದೆ ಹರಿದು ಹರಿದು ಬರ್ತಿತ್ತಲ್ಲ, ಅದಕ್ಕೇನಂತೀರಿ?

ಎಕ್ಸ್ ಗಿರಾಕಿ:
ಅದು ಡೆವಲಪ್‌ಮೆಂಟ್ ಕಿಟ್ (ಗೇಮ್ ಮಾಡೋಕೆ ಕೊಡೋ ಸಾಫ್ಟ್‌ವೇರ್) ವಿಷ್ಯ. ಮೈಕ್ರೋಸಾಫ್ಟ್ ಹಳೇ ಎಕ್ಸ್‌ಡಿಕೆ ಬಿಟ್ಟು ಜಿಡಿಕೆಗೆ ಬಂದಿದ್ದು ಆಗಲೇ. ಆಮೇಲೆ ಅಪ್‌ಡೇಟ್‌ಗಳಲ್ಲಿ ಸರಿ ಹೋಯ್ತು.

ಗುಂಡುಕಲ್ಲು:
ಕುಣಿಯಲಾರದವಳಿಗೆ ನೆಲ ಡೊಂಕು.

ಕರಾವಳಿ ಕನ್ಸೋಲ್:
ಇಲ್ಲ, ನೆಲ ಸ್ವಲ್ಪ ಡೊಂಕು ಇದ್ದದ್ದು ಹೌದು. ಸೋನಿಯವರದ್ದು ಪಿಎಸ್4ರದ್ದೇ ಮುಂದುವರಿದ ದಾರಿ, ಡೆವಲಪರ್‌ಗಳ ಕೈ ಮೊದಲೇ ಪಳಗಿತ್ತು. ಎಕ್ಸ್‌ಬಾಕ್ಸ್‌ಗೆ ಮಾಡುವವರು ಸೀರೀಸ್ ಎಕ್ಸ್, ಸೀರೀಸ್ ಎಸ್, ಪಿಸಿ ಮೂರನ್ನೂ ನೋಡಬೇಕು. ಸಮಯ ಹಂಚಿ ಹೋಗ್ತದೆ. ಚಿಪ್ಪಿನ ಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಹಳೇ ಕ್ಯಾಸೆಟ್:
ಸಂಖ್ಯೆ ನಂಬಿ ಕೆಟ್ಟ ಕಥೆ ಇವತ್ತಿನದ್ದಲ್ಲ. ಆಗ ಟೆರಾಫ್ಲಾಪ್ ಜಾಗದಲ್ಲಿ ಬಿಟ್ ಇತ್ತು. 1993ರಲ್ಲಿ ಅಟಾರಿ ಜಾಗ್ವಾರ್ 64 ಬಿಟ್ ಅಂತ ಬಂತು, ಒಳಗಿದ್ದ ಎರಡು ಮುಖ್ಯ ಪ್ರೊಸೆಸರ್‌ಗಳು 32 ಬಿಟ್ಟಿನವು. 64 ಬಿಟ್ ಇದ್ದದ್ದು ಬಸ್ಸು, ಚಿತ್ರ ನಕಲಿಸೋ ಬ್ಲಿಟರ್‌ನಂಥ ಕೆಲವು ಭಾಗ. ಸೆಗಾ ಮೆಗಾಡ್ರೈವ್ 7.67 ಮೆಗಾಹರ್ಟ್ಜ್, ಸೂಪರ್ ನಿಂಟೆಂಡೊ 3.58. ಸಿಪಿಯುನಲ್ಲಿ ಸೆಗಾ ಎರಡು ಪಟ್ಟು ಮುಂದೆ ಅನ್ನಿಸುತ್ತೆ. ಬಣ್ಣ ನೋಡಿ: ಸೆಗಾ 512ರಲ್ಲಿ 64 ತೋರಿಸ್ತಿತ್ತು, ನಿಂಟೆಂಡೊ 32,768ರಲ್ಲಿ 256. ಅದರ ಮೇಲೆ ಮೋಡ್ 7ರಲ್ಲಿ ಹಿನ್ನೆಲೆಯನ್ನೇ ತಿರುಗಿಸಿ ಹಿಗ್ಗಿಸ್ತಿತ್ತು. ವೇಗದ ಓಟದ ಆಟಕ್ಕೆ ಸೆಗಾ, ಬಣ್ಣದ ಆಟಕ್ಕೆ ನಿಂಟೆಂಡೊ. ಯಾವುದು ಶಕ್ತಿಶಾಲಿ ಅಂದ್ರೆ ಯಾವ ಆಟಕ್ಕೆ ಅಂತ ತಿರುಗಿ ಕೇಳಬೇಕು.

ಮಂಡ್ಯದ ಮಾರಿಯೋ:
ಪಿಎಸ್3 ಬುಟ್ಟೇಬುಟ್ರಲ್ಲ ಯಜಮಾನ್ರೇ. ಸೆಲ್ ಚಿಪ್ಪು!

ಹಳೇ ಕ್ಯಾಸೆಟ್:
ಬಿಡೋದುಂಟೇ. ಸೆಲ್ 3.2 ಗಿಗಾಹರ್ಟ್ಜ್, ಒಂದು ಮುಖ್ಯ ಕೋರ್, ಎಸ್‌ಪಿಇ ಅನ್ನೋ ಎಂಟು ಸಹಾಯಕ ಕೋರ್. ಒಂದನ್ನು ಬಂದ್ ಮಾಡಿ ಏಳು, ಅದರಲ್ಲಿ ಗೇಮ್‌ಗೆ ಸಿಗೋದು ಆರು. ಒಂದೊಂದಕ್ಕೆ 256 ಕೆಬಿ ಸ್ವಂತ ಮೆಮೊರಿ, ಅಷ್ಟೇ. ಮುಖ್ಯ ಮೆಮೊರಿಯನ್ನು ಅದು ನೇರ ಮುಟ್ಟೋ ಹಾಗಿಲ್ಲ. ಬೇಕಾದ ಡೇಟಾ ತುಂಡು ತುಂಡಾಗಿ ಡಿಎಂಎ ಮಾಡಿ ತರಿಸಿಕೊಂಡು, ಕೆಲಸ ಮುಗಿಸಿ, ವಾಪಸ್ ಕಳಿಸಬೇಕು. ಅದನ್ನ ಕೈಯಾರೆ ಬರೆದವರಿಗೆ ಬಂಗಾರ. ಎಕ್ಸ್‌ಬಾಕ್ಸ್ 360ಗೆ ಬರೆದ ಕೋಡ್ ತಂದು ಸುರಿದವರಿಗೆ ಆ ಆರು ಎಸ್‌ಪಿಇ ಬೆಂಚ್ ಕಾಯೋ ಆಟಗಾರರು. ಬಯೊನೆಟಾ ಪಿಎಸ್3 ರೂಪ ನೋಡಿ.

ಮೆಮೊರಿ ಕೂಡ ಪಾಲಾದ ಮನೆ: 256 ಎಂಬಿ ಸಿಪಿಯು ಕಡೆ, 256 ಎಂಬಿ ಗ್ರಾಫಿಕ್ಸ್ ಕಡೆ. 360ರಲ್ಲಿ 512 ಎಂಬಿ ಒಂದೇ ರಾಶಿ, ಜೊತೆಗೆ ಗ್ರಾಫಿಕ್ಸ್‌ಗೆ 10 ಎಂಬಿ ವೇಗದ ಮೆಮೊರಿ, ಇಡಿರ್ಯಾಮ್. ಸ್ಕೈರಿಮ್‌ನಲ್ಲಿ ಆಟ ಮುಂದುವರಿದ ಹಾಗೆ ಸೇವ್ ಫೈಲ್ ದಪ್ಪ ಆಗಿ ಪಿಎಸ್3 ಮುಗ್ಗರಿಸ್ತಿದ್ದದ್ದು ಈ ಕಾರಣಕ್ಕೇ ಅಂತ ಹಲವರು ಹೇಳ್ತಾರೆ.

ಎಕ್ಸ್ ಗಿರಾಕಿ:
ಹಾಗಾದ್ರೆ ಸಂಖ್ಯೆಗೆ ಬೆಲೆನೇ ಇಲ್ವಾ? 2013 ಮರೆತ್ರಾ? ಪಿಎಸ್4 1.84, ಎಕ್ಸ್‌ಬಾಕ್ಸ್ ಒನ್ 1.31. ಆಗ ಎಲ್ರೂ ಟೆರಾಫ್ಲಾಪ್ ಹಿಡ್ಕೊಂಡು ಕುಣಿದ್ರಿ. ಕಾಲ್ ಆಫ್ ಡ್ಯೂಟಿ ಗೋಸ್ಟ್ಸ್ ಪಿಎಸ್4ರಲ್ಲಿ 1080ಪಿ, ನಮ್ಮದರಲ್ಲಿ 720ಪಿ. ಬ್ಯಾಟಲ್‌ಫೀಲ್ಡ್ 4 900ಪಿಗೆ 720ಪಿ. ಈಗ ನಮ್ಮ ಸಂಖ್ಯೆ ದೊಡ್ಡದಾದ ತಕ್ಷಣ ಉಪ್ಪಿನಕಾಯಿ ಊಟ ಅಲ್ಲ ಅಂತ ಮಾತು.

ಕೋಡುಬಳೆ:
ಇದು ಸರಿಯಾದ ಏಟು. ಉತ್ತರ ಕೊಡಿ.

ಫ್ರೇಮ್ ಲೆಕ್ಕಿಗ:
ಕೊಡ್ತೀನಿ. ಮೊದಲನೇದು, ಅಲ್ಲಿ ಅಂತರ 18 ಅಲ್ಲ, 40 ಪರ್ಸೆಂಟ್. ಎರಡನೇದು, ಕ್ಲಾಕ್ ಹೆಚ್ಚುಕಮ್ಮಿ ಒಂದೇ (800, 853 ಮೆಗಾಹರ್ಟ್ಜ್), ಯೂನಿಟ್ ಮಾತ್ರ 18ಕ್ಕೆ 12. ಆರ್‌ಓಪಿ 32ಕ್ಕೆ 16. ಅಂದ್ರೆ ಈಗಿನ ಹಾಗೆ ಒಂದು ಕಡೆ ಕಳೆದದ್ದನ್ನ ಇನ್ನೊಂದು ಕಡೆ ತುಂಬಿಕೊಳ್ಳೋ ದಾರಿ ಇರಲಿಲ್ಲ. ಮೂರನೇದು ಮೆಮೊರಿ: ಪಿಎಸ್4 ಪೂರಾ 8 ಜಿಬಿಗೆ 176 ಜಿಬಿ ವೇಗ. ಎಕ್ಸ್‌ಬಾಕ್ಸ್ ಒನ್‌ನಲ್ಲಿ ಡಿಡಿಆರ್3, 68 ಜಿಬಿ, ಅದನ್ನ ಸರಿದೂಗಿಸೋಕೆ ಚಿಪ್ಪಿನೊಳಗೇ 32 ಎಂಬಿ ವೇಗದ ಮೆಮೊರಿ, ಈಎಸ್‌ರ್ಯಾಮ್. 1080ಪಿಯಲ್ಲಿ ಒಂದು 32 ಬಿಟ್ ಬಫರ್ (ಚಿತ್ರ ಇಡೋ ಜಾಗ) ಸುಮಾರು 8 ಎಂಬಿ. ಡಿಫರ್ಡ್ ರೆಂಡರಿಂಗ್‌ಗೆ (ಬೆಳಕಿನ ಲೆಕ್ಕ ಕೊನೆಗೆ ಮಾಡೋ ವಿಧಾನ) ನಾಲ್ಕು ಬಫರ್, ದೂರದ ಲೆಕ್ಕಕ್ಕೆ ಒಂದು ಡೆಪ್ತ್ ಬಫರ್ ಇಟ್ರೆ 40 ಎಂಬಿ. 32ರಲ್ಲಿ ಕೂರಲ್ಲ. 900ಪಿ, 720ಪಿಗೆ ಇಳಿಸಿದ್ರೆ ಕೂರುತ್ತೆ.

ಹಾಗಾಗಿ ಆಗ ಸಂಖ್ಯೆಗೆ ಬೆಲೆ ಇತ್ತು, ಉಳಿದ ಸಂಖ್ಯೆಗಳೂ ಅದೇ ದಿಕ್ಕಿಗೆ ತೋರಿಸ್ತಿದ್ವು. ಈಗ ಒಂದೊಂದು ಒಂದೊಂದು ದಿಕ್ಕಿಗೆ.

ಎಕ್ಸ್ ಗಿರಾಕಿ:
ಈಎಸ್‌ರ್ಯಾಮ್ ಲೆಕ್ಕ ಚೆನ್ನಾಗಿದೆ. ಇಷ್ಟಕ್ಕೆ ಸುಮ್ಮನಾಗ್ತೀನಿ, ಸದ್ಯಕ್ಕೆ.

ಪಿಕ್ಸೆಲ್ ಪಾಪಣ್ಣ:
ಇದಕ್ಕಿಂತ ಒಳ್ಳೆ ಸಾಕ್ಷಿ ಸೋನಿ ಮನೆಯೊಳಗೇ ಇದೆ. ಪಿಎಸ್5 ಪ್ರೊ: 60 ಯೂನಿಟ್, 16.7 ಟೆರಾಫ್ಲಾಪ್. ಮಾಮೂಲಿ ಪಿಎಸ್5ಗಿಂತ 62 ಪರ್ಸೆಂಟ್ ಜಾಸ್ತಿ. ಆದ್ರೆ ಸೋನಿಯವರೇ ಹೇಳಿಕೊಂಡದ್ದು ರೆಂಡರಿಂಗ್ 45 ಪರ್ಸೆಂಟ್ ವೇಗ ಅಂತ. ಉಳಿದದ್ದು ಎಲ್ಲಿ? ಮೆಮೊರಿ 448ರಿಂದ 576ಕ್ಕೆ, ಬರೀ 28 ಪರ್ಸೆಂಟ್ ಏರಿದೆ. ಪ್ರೊ ಬರೋ ಮುಂಚೆ 33.5 ಟೆರಾಫ್ಲಾಪ್ ಅಂತ ಸುದ್ದಿ ಹಬ್ಬಿತ್ತು, ನೆನಪಿದೆಯಾ? ಹೊಸ ಎಎಂಡಿ ವಿನ್ಯಾಸದಲ್ಲಿ ಒಂದು ಲೇನ್ ಒಮ್ಮೆಗೆ ಎರಡು ಆದೇಶ ಓಡಿಸಬಲ್ಲದು, ಕೆಲವು ಸಂದರ್ಭದಲ್ಲಿ ಮಾತ್ರ. ಅದನ್ನೂ ಎಣಿಸಿದ್ರೆ ಸಂಖ್ಯೆ ಡಬಲ್. ಕೆಲಸ ಡಬಲ್ ಆಗಲ್ಲ. ಬೇರೆ ಪೀಳಿಗೆಯ ಟೆರಾಫ್ಲಾಪ್‌ಗಳನ್ನ ಪಕ್ಕಪಕ್ಕ ಇಡೋದೇ ತಪ್ಪು.

ಬಿಸಿಲುನಾಡು:
ಪ್ರೊ ಬಂದಾಗ ಭಾರತದಾಗ ಯಾಕ ಬಿಡಲಿಲ್ರಿ?

ಪಿಕ್ಸೆಲ್ ಪಾಪಣ್ಣ:
2024ರ ನವೆಂಬರ್‌ನಲ್ಲಿ ವೈಫೈ 7ಗೆ ಬೇಕಾದ 6 ಗಿಗಾಹರ್ಟ್ಜ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ಗ್ರಾಫಿಕ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ.

ಸೌಟು ಸ್ಪೂನು:
ಸೀರೀಸ್ ಎಸ್ ಬಗ್ಗೆ ಯಾರೂ ಮಾತಾಡ್ತಿಲ್ಲ. 4 ಟೆರಾಫ್ಲಾಪ್, ಆದ್ರೆ ಹಳೇ ಎಕ್ಸ್‌ಬಾಕ್ಸ್ ಒನ್ ಎಕ್ಸ್ 6. ಹಿಂದಕ್ಕೆ ಹೋದ್ರಾ?

ಕರಾವಳಿ ಕನ್ಸೋಲ್:
ಪಾಪಣ್ಣ ಹೇಳಿದ ಮಾತೇ. ಹೊಸ ವಿನ್ಯಾಸದ 4, ಹಳೆಯದರ 4ಕ್ಕಿಂತ ಜಾಸ್ತಿ ಕೆಲಸ ಮಾಡ್ತದೆ, ಸಿಪಿಯು ಅಂತೂ ಆಕಾಶ ಭೂಮಿ ಅಂತರ. ಸೀರೀಸ್ ಎಸ್‌ನ ತಲೆನೋವು ಮೆಮೊರಿ. ಒಟ್ಟು 10 ಜಿಬಿ, ಅದರಲ್ಲಿ 8ಕ್ಕೆ 224 ಜಿಬಿ ವೇಗ, ಉಳಿದ 2ಕ್ಕೆ 56. ಒನ್ ಎಕ್ಸ್‌ನಲ್ಲಿ 12 ಜಿಬಿ ಇತ್ತು, 326 ಜಿಬಿ ವೇಗ. ಹಾಗಾಗಿ ಹಳೆಯ ಗೇಮ್‌ಗಳ ಒನ್ ಎಕ್ಸ್ ರೂಪ ಸೀರೀಸ್ ಎಸ್‌ನಲ್ಲಿ ಓಡುವುದೇ ಇಲ್ಲ, ಅದಕ್ಕಿಂತ ಕಮ್ಮಿ ಶಕ್ತಿಯ ಒನ್ ಎಸ್ ರೂಪವನ್ನು ಓಡಿಸ್ತದೆ.

ರೆಸಲ್ಯೂಷನ್ ಇಳಿಸಿದ್ರೆ ಜಿಪಿಯು ಹೊರೆ ಇಳೀತದೆ. ಆಟದ ಲೋಕದ ಡೇಟಾ ಇಳಿಯುವುದಿಲ್ಲ. ಬಾಲ್ಡರ್ಸ್ ಗೇಟ್ 3ರಲ್ಲಿ ಆದದ್ದು ಅದೇ. ಪಿಎಸ್5ಗೆ 2023ರ ಸೆಪ್ಟೆಂಬರ್, ಎಕ್ಸ್‌ಬಾಕ್ಸ್‌ಗೆ ಡಿಸೆಂಬರ್. ಅದೂ ಸೀರೀಸ್ ಎಸ್‌ನಲ್ಲಿ ಸ್ಪ್ಲಿಟ್ ಸ್ಕ್ರೀನ್ ಕೈಬಿಟ್ಟ ಮೇಲೆ. ಇಬ್ಬರು ಆಟಗಾರರು ಬೇರೆಬೇರೆ ಮೂಲೆಯಲ್ಲಿದ್ದರೆ ಎರಡೂ ಮೂಲೆಯ ಡೇಟಾ ಮೆಮೊರಿಯಲ್ಲಿ ಇರಬೇಕಲ್ಲ.

ಗುಂಡುಕಲ್ಲು:
ಎಸ್‌ಎಸ್‌ಡಿ! ಗೇಮ್ ಇಡೋ ಆ ಡ್ರೈವ್ ಓದೋ ವೇಗ ಸೆಕೆಂಡಿಗೆ ಪಿಎಸ್5 5.5 ಜಿಬಿ, ಎಕ್ಸ್‌ಬಾಕ್ಸ್ 2.4. ಎರಡು ಪಟ್ಟಿಗಿಂತ ಜಾಸ್ತಿ. ಇದಕ್ಕೆ ಯಾರ ಹತ್ರ ಉತ್ತರ ಇದೆ?

ಎಕ್ಸ್ ಗಿರಾಕಿ:
ಎರಡರಲ್ಲೂ ಬಂದ ಗೇಮ್‌ಗಳಲ್ಲಿ ಲೋಡಿಂಗ್ ಅಂತರ ಎಷ್ಟೋ ಸಲ ಒಂದೆರಡು ಸೆಕೆಂಡ್. ಡ್ರೈವ್‌ನಿಂದ ಬಂದ ಮೇಲೆ ಅದನ್ನ ಜೋಡಿಸೋ ಕೆಲಸ ಸಿಪಿಯುದು. ಈಗ ಹೇಳಿ, ಸಂಖ್ಯೆ ಹಿಡ್ಕೊಂಡು ಕುಣಿಯೋರು ಯಾರು?

ಗುಂಡುಕಲ್ಲು:
ಥೂ. ಸಿಕ್ಕಿಹಾಕ್ಕೊಂಡೆ.

ಮಂಡ್ಯದ ಮಾರಿಯೋ:
ಡ್ರೈವ್ ಮಾತು ಬಂತಲ್ಲ, ಪಿಎಸ್5ಗೆ ಹೊಸ ಎಸ್‌ಎಸ್‌ಡಿ ಹಾಕದು ಎಂಗೆ? 825 ಜಿಬಿ ಎಂಗೂ ಸಾಲ್ದು.

ಫ್ರೇಮ್ ಲೆಕ್ಕಿಗ:
ಎಂ.2 ಎನ್‌ವಿಎಂಇ, ಪಿಸಿಐಇ 4ನೇ ಪೀಳಿಗೆ, ಓದೋ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು. 3ನೇ ಪೀಳಿಗೆಯದ್ದು ಹಾಕಿದ್ರೆ ತಗೊಳ್ಳಲ್ಲ. ಹೀಟ್‌ಸಿಂಕ್ ಇರಲೇಬೇಕು, ಅದೂ ಸೇರಿ ದಪ್ಪ 11.25 ಮಿಲಿಮೀಟರ್ ದಾಟಬಾರದು. ಅಂಗಡಿಯಲ್ಲಿ ಪಿಸಿಗೆ ಅಂತ ಮಾರೋ ಎತ್ತರದ ಹೀಟ್‌ಸಿಂಕ್ ತಂದು ಮುಚ್ಚಳ ಕೂರದೆ ಒದ್ದಾಡೋರು ಬಹಳ ಜನ. ಉದ್ದ ಸಾಮಾನ್ಯವಾಗಿ 2280 (80 ಮಿಲಿಮೀಟರ್) ತಗೊಳ್ಳಿ.

ರೆಸ್ಟ್ ಮೋಡ್ ಅಲ್ಲ, ಪೂರ್ತಿ ಆಫ್ ಮಾಡಿ ಎಲ್ಲ ವೈರ್ ಕಿತ್ತು, ಬಿಸಿ ಆರೋವರೆಗೆ ಬಿಡಿ. ಸ್ಟ್ಯಾಂಡ್ ಬಿಚ್ಚಿ ಮಲಗಿಸಿ, ತಟ್ಟೆ ಸರಿಸಿ ತೆಗೀರಿ. ಉದ್ದನೆ ಲೋಹದ ಮುಚ್ಚಳಕ್ಕೆ ಒಂದೇ ಸ್ಕ್ರೂ, ಫಿಲಿಪ್ಸ್ 1ನೇ ನಂಬರ್ ಸ್ಕ್ರೂಡ್ರೈವರ್ ಸಾಕು. ಒಳಗೆ ಇನ್ನೊಂದು ಸ್ಕ್ರೂ, ಅದರಡಿ ಪುಟ್ಟ ಸ್ಪೇಸರ್ ಇರುತ್ತೆ. ಅದನ್ನ 80 ಅಂತ ಬರೆದ ತೂತಿಗೆ ಮೊದಲು ಇಡಿ. ಇದನ್ನ ಮರೆತು ಸ್ಕ್ರೂ ಬಿಗಿದ್ರೆ ಡ್ರೈವ್ ಬಾಗುತ್ತೆ. ಓರೆಯಾಗಿ ತೂರಿಸಿ, ಒತ್ತಿ ಮಲಗಿಸಿ, ಸ್ಕ್ರೂ ಹಾಕಿ. ಆನ್ ಮಾಡಿದಾಗ ಫಾರ್ಮ್ಯಾಟ್ ಕೇಳುತ್ತೆ.

ಯುಎಸ್‌ಬಿ ಡ್ರೈವ್‌ನಲ್ಲಿ ಪಿಎಸ್5 ಗೇಮ್ ಇಟ್ಟುಕೊಳ್ಳಬಹುದು, ಓಡಿಸೋಕಾಗಲ್ಲ. ಪಿಎಸ್4 ಗೇಮ್ ಓಡುತ್ತೆ. ಎಕ್ಸ್‌ಬಾಕ್ಸ್‌ನಲ್ಲೂ ಯುಎಸ್‌ಬಿಗೆ ಅದೇ ನಿಯಮ, ಅಲ್ಲಿ ಮಾಮೂಲಿ ಎಂ.2 ಬದಲು ಅವರದ್ದೇ ಕಾರ್ಡ್. ಬೆಲೆ ಜಾಸ್ತಿ, ಆದ್ರೆ ಹಿಂದೆ ಚುಚ್ಚಿದ್ರೆ ಮುಗೀತು.

ಕೋಡುಬಳೆ:
ನನ್ನ ಪ್ರಶ್ನೆಗೆ ವಾಪಸ್. ಹೋಲಿಕೆ ಚಿತ್ರಗಳಲ್ಲಿ ಎಷ್ಟೋ ಸಲ ಒಂದರ ಕಪ್ಪು ದಟ್ಟವಾಗಿ ಬಣ್ಣ ಎದ್ದು ಕಾಣುತ್ತೆ, ಇನ್ನೊಂದು ಬೂದಿ ಬಳಿದ ಹಾಗೆ. ಅದು ಚಿಪ್ಪಿನ ವ್ಯತ್ಯಾಸವಾ?

ಪಿಕ್ಸೆಲ್ ಪಾಪಣ್ಣ:
ಸುಮಾರು ಸಲ ಅದು ಆರ್‌ಜಿಬಿ ರೇಂಜ್ ಹೊಂದಾಣಿಕೆ ತಪ್ಪಿದ್ದು, ಗ್ರಾಫಿಕ್ಸ್ ಅಲ್ಲವೇ ಅಲ್ಲ. ಟಿವಿಯ ಹಳೇ ಪದ್ಧತಿಯಲ್ಲಿ ಕಪ್ಪು 16, ಬಿಳಿ 235. ಪಿಸಿ ಪದ್ಧತಿಯಲ್ಲಿ 0 ಮತ್ತು 255. ಕನ್ಸೋಲ್ 0–255 ಕಳಿಸಿ ಟಿವಿ 16–235 ಅಂತ ತಿಳಿದ್ರೆ, 16ರ ಕೆಳಗಿನ ವಿವರ ಎಲ್ಲ ಕಪ್ಪಲ್ಲಿ ಮುಳುಗುತ್ತೆ. ನೋಡೋರಿಗೆ ಆಹಾ ಎಂಥ ಕಾಂಟ್ರಾಸ್ಟ್ ಅನ್ಸುತ್ತೆ. ಉಲ್ಟಾ ಆದ್ರೆ ನೀವು ಹೇಳಿದ ಬೂದಿ. ಪಿಎಸ್5ರಲ್ಲಿ ಸೆಟ್ಟಿಂಗ್ಸ್‌ನ ಸ್ಕ್ರೀನ್ ಅಂಡ್ ವಿಡಿಯೋ ಒಳಗೆ ಆರ್‌ಜಿಬಿ ರೇಂಜ್ ಆಟೊಮ್ಯಾಟಿಕ್ ಇಡಿ. ಎಕ್ಸ್‌ಬಾಕ್ಸ್‌ನಲ್ಲಿ ಕಲರ್ ಸ್ಪೇಸ್ ಸ್ಟ್ಯಾಂಡರ್ಡ್. ಟಿವಿಯಲ್ಲಿ ಬ್ಲ್ಯಾಕ್ ಲೆವೆಲ್ ಆಟೊ. ಎಚ್‌ಡಿಆರ್ ಆನ್ ಇಟ್ಟು ತೆಗೆದ ಸ್ಕ್ರೀನ್‌ಶಾಟನ್ನ ಫೋನ್‌ನಲ್ಲಿ ನೋಡಿ ತೀರ್ಪು ಕೊಡಬೇಡಿ.

ನಿಜವಾದ ರೆಸಲ್ಯೂಷನ್ ತಿಳೀಬೇಕಾದ್ರೆ ಮೆಟ್ಟಿಲು ಎಣಿಸಬೇಕು. ಕಂಪ್ರೆಸ್ ಆಗದ 4ಕೆ ಚಿತ್ರದಲ್ಲಿ ಹೆಚ್ಚೂಕಡಿಮೆ ಅಡ್ಡಕ್ಕೆ ಮಲಗಿ ಸ್ವಲ್ಪವೇ ಓರೆ ಇರೋ ಉದ್ದ ಅಂಚು ಹುಡುಕಿ, ತಂತಿ, ಚಾವಣಿ ಅಂಚು ಇಂಥದ್ದು. ದೊಡ್ಡದು ಮಾಡಿ. 40 ಪಿಕ್ಸೆಲ್ ಎತ್ತರದೊಳಗೆ 40 ಮೆಟ್ಟಿಲು ಇದ್ರೆ ಪೂರಾ 2160ಪಿ. 30 ಇದ್ರೆ 30/40 × 2160, ಅಂದ್ರೆ 1620ಪಿ. ಈಗಿನ ಗೇಮ್‌ಗಳು ಹಿಂದಿನ ಫ್ರೇಮ್‌ಗಳಿಂದ ವಿವರ ಎರವಲು ತಂದು ಅಂಚು ತಿದ್ದುತ್ತವೆ, ಹಾಗಾಗಿ ಕ್ಯಾಮೆರಾ ದೃಶ್ಯ ಬದಲಾದ ಮೊದಲ ಫ್ರೇಮನ್ನೇ ಹಿಡೀಬೇಕು. ಆಗ ಎರವಲು ತರೋಕೆ ಹಿಂದಿನದು ಏನೂ ಇರಲ್ಲ.

ಕರಾವಳಿ ಕನ್ಸೋಲ್:
ಮತ್ತೆ ಆ 3 ಫ್ರೇಮ್ ಕಣ್ಣಿಗೆ ಕಾಣುವುದೋ ಇಲ್ಲವೋ ಟಿವಿ ಮೇಲೆ ಉಂಟು. 60 ಹರ್ಟ್ಜ್ ಟಿವಿಯಲ್ಲಿ ಒಂದು ಫ್ರೇಮ್ 16.7 ಮಿಲಿಸೆಕೆಂಡ್ ತಪ್ಪಿದ್ರೆ 33.3ರವರೆಗೆ ಕಾಯಬೇಕು, ಮುಗ್ಗರಿಸಿದ ಹಾಗೆ ಕಾಣ್ತದೆ. ವಿಆರ್‌ಆರ್ (ಫ್ರೇಮಿಗೆ ತಕ್ಕಂತೆ ಬದಲಾಗುವ ರಿಫ್ರೆಶ್ ರೇಟ್) ಇದ್ರೆ ಟಿವಿಯೇ ಕಾಯ್ತದೆ, 57 ಆದ್ರೂ ತಿಳಿಯುವುದಿಲ್ಲ. ಪಿಎಸ್5ಗೆ ಅದು ಬಂದದ್ದು 2022ರ ಏಪ್ರಿಲ್‌ನಲ್ಲಿ, 48ರಿಂದ 120 ಹರ್ಟ್ಜ್ ಒಳಗೆ ಮಾತ್ರ. 45ಕ್ಕೆ ಇಳಿದ್ರೆ ಮತ್ತೆ ಮುಗ್ಗರಿಸ್ತದೆ. ಎಕ್ಸ್‌ಬಾಕ್ಸ್ ಈ ವಿಷಯದಲ್ಲಿ ಮುಂದೆ, ಕೆಳಗಿಳಿದಾಗ ಅದೇ ಫ್ರೇಮನ್ನು ಎರಡು ಸಲ ಕಳಿಸಿ ಸಂಭಾಳಿಸ್ತದೆ. ಎಚ್‌ಡಿಎಂಐಯಲ್ಲೂ ಎಕ್ಸ್‌ಬಾಕ್ಸ್ 40 ಗಿಗಾಬಿಟ್, ಪಿಎಸ್5 32. ಅದಕ್ಕೇ 4ಕೆ 120ರಲ್ಲಿ ಪಿಎಸ್5 ಬಣ್ಣದ ಮಾಹಿತಿ ಕಡಿಮೆ ಮಾಡಿ 4:2:2 ಕಳಿಸ್ತದೆ.

120 ಹರ್ಟ್ಜ್ ಟಿವಿ ಇದ್ರೆ 40 ಫ್ರೇಮ್ ಮೋಡ್ ಹುಡುಕಿ ಹಾಕಿ. ಒಂದು ಫ್ರೇಮಿಗೆ 25 ಮಿಲಿಸೆಕೆಂಡ್, 30ರ 33.3 ಮತ್ತು 60ರ 16.7ರ ಸರಿಯಾದ ನಡುಮಧ್ಯ. ಪೆಟ್ಟಿಗೆಯಲ್ಲಿ ಬಂದ ಕೇಬಲ್ಲನ್ನೇ ಹಾಕಿ, ಟಿವಿಯ ಎಲ್ಲ ಪೋರ್ಟೂ 120ಕ್ಕೆ ಆಗುವುದಿಲ್ಲ, ಪಕ್ಕದಲ್ಲಿ ಬರೆದಿರ್ತದೆ. ಆ ಪೋರ್ಟಿನ ಸಿಗ್ನಲ್ ಸೆಟ್ಟಿಂಗ್ ಟಿವಿ ಮೆನುವಿನಲ್ಲಿ ಆಫ್ ಇದ್ದೇ ಬರ್ತದೆ, ಆನ್ ಮಾಡದೆ ಕನ್ಸೋಲನ್ನು ಬೈಯಬೇಡಿ.

ಬಿಸಿಲುನಾಡು:
ಇದೆಲ್ಲಾ ಕರೆಂಟ್ ಇದ್ರ. ಯುಪಿಎಸ್ ಎಷ್ಟು ವಿಎ ಬೇಕ್ರಿ?

ಫ್ರೇಮ್ ಲೆಕ್ಕಿಗ:
ಆಟದಲ್ಲಿ ಕನ್ಸೋಲ್ 200 ವ್ಯಾಟ್ ಆಸುಪಾಸು, 55 ಇಂಚಿನ ಟಿವಿ 100ರಿಂದ 150. 600 ವಿಎ ಅಂತ ಮಾರೋದು ಸಾಮಾನ್ಯವಾಗಿ 360 ವ್ಯಾಟ್, ಅಂಚಿಗೆ ಬಂತು. 1,000 ವಿಎ ಮೇಲಿನದ್ದು ತಗೊಳ್ಳಿ. ಐದು ನಿಮಿಷ ಸಿಕ್ಕರೂ ಸೇವ್ ಮಾಡಿ ಸರಿಯಾಗಿ ಆಫ್ ಮಾಡಬಹುದು. ಲೋಡ್‌ಶೆಡ್ಡಿಂಗ್ ಊರಲ್ಲಿ ರೆಸ್ಟ್ ಮೋಡ್ ಬೇಡ. ಬರೆಯೋ ಹೊತ್ತಲ್ಲಿ ಕರೆಂಟ್ ಹೋದ್ರೆ ಮುಂದಿನ ಸಲ ಡೇಟಾಬೇಸ್ ರಿಪೇರಿ ಮಾಡ್ತಾ ಕೂರುತ್ತೆ.

ಕೋಡುಬಳೆ:
ಲೆಕ್ಕ ತಲೆಗೆ ಹತ್ತಿತು. ಲೆಕ್ಕಿಗರಿಗೆ, ಪಾಪಣ್ಣನಿಗೆ ಒಂದೊಂದು ಮಸಾಲೆ ದೋಸೆ, ಹುಯ್ಯೋ ಭಟ್ಟರಿಗೂ ಸೇರಿ.

ಮಂಡ್ಯದ ಮಾರಿಯೋ:
ನಿಂಟೆಂಡೊ ಸ್ವಿಚ್ 2 ಸೇರ್ಸಕಿಲ್ವಾ? ಡಾಕ್‌ನಲ್ಲಿ 3 ಟೆರಾಫ್ಲಾಪ್, ಕೈಯಲ್ಲಿ 1.7. ಸೀರೀಸ್ ಎಸ್‌ಗಿಂತ ಕಮ್ಮಿ, ಮೆಮೊರಿ ಮಾತ್ರ 12 ಜಿಬಿ, ಮ್ಯಾಲೆ ಸಣ್ಣ ಚಿತ್ರನ ದೊಡ್ದು ಮಾಡೋ ಡಿಎಲ್‌ಎಸ್‌ಎಸ್. ಹಳೇ ಸ್ವಿಚ್‌ನ ಮೈಕ್ರೋಎಸ್‌ಡಿ ಕಾರ್ಡ್ ಅದ್ರಲ್ಲಿ ನಡೀತದಾ?

ಕರಾವಳಿ ಕನ್ಸೋಲ್:
ಗೇಮ್ ಇಡಲಿಕ್ಕೆ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ಸೇ ಬೇಕು. ಹಳೆಯದರಿಂದ ಫೋಟೋ, ವಿಡಿಯೋ ಕಾಪಿ ಮಾಡಬಹುದು ಅಷ್ಟೆ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೆ, ಎನ್ವಿಡಿಯಾ ಟೆರಾಫ್ಲಾಪ್ ಇಲ್ಲಿಗೆ ತಂದ್ರೆ ಗಿರಾಕಿಯವರು ಮತ್ತೆ ಎದ್ದು ಬರ್ತಾರೆ.

ಎಕ್ಸ್ ಗಿರಾಕಿ:
ಎದ್ದೇ ಇದೀನಿ.